ಚೌಕಟ್ಟಿನೊಳಗೆ ಮೊದಲೇ ಕುಳಿತ ತೀರ್ಮಾನಗಳು

ರೈಲು ಟಿಕೆಟ್ ಕಾಯ್ದಿರಿಸುವ ತಾಣವಾಗಲಿ, ಪತ್ರಿಕೆಯ ಜಾಲತಾಣವಾಗಲಿ, ವಿದ್ಯುತ್ ಬಿಲ್ ಕಟ್ಟುವ ಪುಟವಾಗಲಿ, ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಇಂಥ ತಂತ್ರಾಂಶಗಳೆಲ್ಲ ಒಳಗೆ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ ಬಗೆಯದು: ಬಂದ ವಿಳಾಸವನ್ನು ನೋಡಿ ಯಾವ ಕೋಡ್ ಓಡಬೇಕೆಂದು ಗೊತ್ತುಮಾಡುವುದು, ಕೋರಿಕೆ ಕಳುಹಿಸಿದವರು ಯಾರೆಂದು ಗುರುತಿಸುವುದು, ಫಾರ್ಮಿನಲ್ಲಿ ತುಂಬಿದ್ದನ್ನು ಪರೀಕ್ಷಿಸುವುದು, ಡೇಟಾಬೇಸ್‌ನಿಂದ ಬೇಕಾದ ಮಾಹಿತಿಯನ್ನು ತೆಗೆಯುವುದು, ಕೊನೆಗೆ ಅದನ್ನು ಪುಟವಾಗಿ ಜೋಡಿಸಿ ಹಿಂದಕ್ಕೆ ಕಳುಹಿಸುವುದು. ಪ್ರತಿ ಸಲವೂ ಇದನ್ನೆಲ್ಲ ಬುಡದಿಂದ ಬರೆಯುವುದು ದಂಡದ ಕೆಲಸವಾದ್ದರಿಂದ, ಎಲ್ಲಕ್ಕೂ ಸಮಾನವಾದ ಭಾಗವನ್ನು ಒಮ್ಮೆ ಕಟ್ಟಿಟ್ಟು, ಆಯಾ ತಾಣಕ್ಕೆ ವಿಶಿಷ್ಟವಾದುದನ್ನು ಮಾತ್ರ ಹೊಸದಾಗಿ ಬರೆಯಲು ಜಾಗ ಬಿಟ್ಟಿರುವ ವ್ಯವಸ್ಥೆಗೆ ವೆಬ್ ಫ್ರೇಮ್‌ವರ್ಕ್ ಎಂದು ಹೆಸರು.

ಫ್ರೇಮ್‌ವರ್ಕಿಗೂ ಸಾಮಾನ್ಯ ಕೋಡ್ ಸಂಗ್ರಹಕ್ಕೂ, ಅಂದರೆ ಲೈಬ್ರರಿಗೂ, ಮುಖ್ಯವಾದ ಒಂದು ಅಂತರವಿದೆ. ಲೈಬ್ರರಿ ಮೇಜಿನ ಮೇಲಿನ ನಿಘಂಟಿನಂತೆ ಬೇಕೆನಿಸಿದಾಗ ತೆರೆದು ನೋಡುವಂಥದ್ದು. ಅದನ್ನು ಯಾವಾಗ ಕರೆಯಬೇಕೆಂಬುದು ಪ್ರೋಗ್ರಾಮರ್‌ನ ಇಚ್ಛೆ. ಫ್ರೇಮ್‌ವರ್ಕ್ ಯಕ್ಷಗಾನದ ಭಾಗವತನಂತೆ. ಪ್ರಸಂಗದ ನಡೆ ಅವನ ಕೈಯಲ್ಲಿದ್ದು, ಯಾವ ಪಾತ್ರ ಯಾವ ಪದ್ಯಕ್ಕೆ ರಂಗಕ್ಕೆ ಬರಬೇಕೆಂಬುದನ್ನು ಅವನೇ ನಿರ್ಧರಿಸುತ್ತಾನೆ, ಬಂದ ಪಾತ್ರಧಾರಿ ತನ್ನ ಪಾಲಿನ ಅರ್ಥ ಹೇಳುತ್ತಾನೆ. ಹಾಗೆಯೇ ಇಲ್ಲಿ ಫ್ರೇಮ್‌ವರ್ಕೇ ಪ್ರೋಗ್ರಾಮರ್ ಬರೆದ ಕೋಡನ್ನು ಕರೆಯುತ್ತದೆ. ತಂತ್ರಾಂಶ ಶಾಸ್ತ್ರದಲ್ಲಿ ಇದಕ್ಕೆ ನಿಯಂತ್ರಣದ ವಿಪರ್ಯಯ ಎನ್ನಬಹುದು. ಇದರ ಪರಿಣಾಮವಾಗಿ, ಫ್ರೇಮ್‌ವರ್ಕೊಂದನ್ನು ಆರಿಸಿಕೊಂಡವರು ಬೇರೆ ಯಾರೋ, ಬೇರೆ ಯಾವುದೋ ಕೆಲಸಕ್ಕಾಗಿ ಮೊದಲೇ ತೆಗೆದುಕೊಂಡ ನೂರಾರು ತೀರ್ಮಾನಗಳನ್ನು ಒಟ್ಟಿಗೆ ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಇವುಗಳ ಹೋಲಿಕೆಯಲ್ಲಿ ಯಾವುದು ಹೆಚ್ಚು ವೇಗದ್ದು ಎಂಬ ಪ್ರಶ್ನೆಗಿಂತ, ಯಾವುದು ಎಲ್ಲಿ ಹುಟ್ಟಿತು, ಏನನ್ನು ಮೊದಲೇ ನಿರ್ಧರಿಸಿಬಿಟ್ಟಿದೆ ಎಂಬ ಪ್ರಶ್ನೆಯೇ ಹೆಚ್ಚು ಫಲಕಾರಿ.

ಮೂರು ಭಾಗಗಳ ಹಂಚಿಕೆ

ಬಹುತೇಕ ಫ್ರೇಮ್‌ವರ್ಕ್‌ಗಳ ಬೆನ್ನೆಲುಬಾಗಿರುವ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ತ್ರಿವಳಿ ವಿಂಗಡಣೆ ವೆಬ್‌ಗಿಂತ ಹಳೆಯದು. ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಟ್ರುಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಸ್ಮಾಲ್‌ಟಾಕ್ ಭಾಷೆಯ ತಂತ್ರಾಂಶಗಳಿಗಾಗಿ ಇದನ್ನು ರೂಪಿಸಿದರು. ಮಾಹಿತಿಯನ್ನೂ ಅದರ ನಿಯಮಗಳನ್ನೂ ಹಿಡಿದಿಡುವ ಭಾಗ ಮಾಡೆಲ್, ಅದನ್ನು ಕಣ್ಣಿಗೆ ತೋರಿಸುವುದು ವ್ಯೂ, ಬಳಕೆದಾರರ ಕೈಚಲನೆಯನ್ನು ಗ್ರಹಿಸಿ ಉಳಿದೆರಡಕ್ಕೂ ತಿಳಿಸುವುದು ಕಂಟ್ರೋಲರ್. ಒಂದೇ ಯಂತ್ರದ ಪರದೆಯ ಮೇಲೆ ನಡೆಯುವ ಈ ವ್ಯವಹಾರದಲ್ಲಿ, ಮಾಡೆಲ್ ಬದಲಾದ ಕ್ಷಣವೇ ವ್ಯೂಗೆ ಸುದ್ದಿ ಮುಟ್ಟಿ ಚಿತ್ರ ಬದಲಾಗುತ್ತಿತ್ತು.

ವೆಬ್‌ನಲ್ಲಿ ಅದು ಹಾಗೆಯೇ ಸಾಧ್ಯವಿರಲಿಲ್ಲ. ಬ್ರೌಸರ್ ಮತ್ತು ಸರ್ವರ್ ನಡುವಿನ ಎಚ್‌ಟಿಟಿಪಿ ಎಂಬ ಸಂವಹನ ನಿಯಮ ಮರೆವಿನ ಮೇಲೆ ನಿಂತಿದೆ. ಕೋರಿಕೆ ಬಂದಿತು, ಉತ್ತರ ಹೋಯಿತು, ಅಲ್ಲಿಗೆ ಸಂಬಂಧ ಮುಗಿಯಿತು. ಪುಟ ಬ್ರೌಸರ್‌ಗೆ ತಲುಪಿದ ಮೇಲೆ ಸರ್ವರ್‌ನಲ್ಲಿ ಏನೇ ಬದಲಾದರೂ ಪುಟಕ್ಕೆ ಅದರ ಅರಿವಿರುವುದಿಲ್ಲ. ಆದ್ದರಿಂದ 2000ದ ಹೊತ್ತಿಗೆ ಜಾವಾ ಭಾಷೆಯಲ್ಲಿ ಬಂದ ಸ್ಟ್ರಟ್ಸ್‌ನಂಥ ಫ್ರೇಮ್‌ವರ್ಕ್‌ಗಳು ಹೆಸರನ್ನು ಉಳಿಸಿಕೊಂಡು ಸಂಬಂಧವನ್ನು ಬದಲಿಸಿದವು: ಕಂಟ್ರೋಲರ್ ಕೋರಿಕೆಯನ್ನು ಪಡೆದು, ಮಾಡೆಲ್‌ನಿಂದ ಮಾಹಿತಿ ತರಿಸಿ, ವ್ಯೂಗೆ ಒಪ್ಪಿಸುತ್ತದೆ, ವ್ಯೂ ಒಮ್ಮೆ ಪುಟವನ್ನು ಹೆಣೆದು ಕಳುಹಿಸಿ ಸುಮ್ಮನಾಗುತ್ತದೆ.

ಹುಟ್ಟಿದ ಮನೆಯ ಗುರುತು

ಆ ಕಾಲದ ಜಾವಾ ಯೋಜನೆಗಳಲ್ಲಿ ಯಾವ ವಿಳಾಸಕ್ಕೆ ಯಾವ ಕೋಡ್, ಯಾವ ವಸ್ತುವಿಗೆ ಯಾವ ಡೇಟಾಬೇಸ್ ಕೋಷ್ಟಕ ಎಂಬುದನ್ನೆಲ್ಲ ಉದ್ದುದ್ದ ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆದಿಡಬೇಕಾಗಿತ್ತು. ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಡೆನ್ಮಾರ್ಕ್‌ನ ಡೇವಿಡ್ ಹೈನಮೈಯರ್ ಹಾನ್ಸನ್ ಅವರ ರೂಬಿ ಆನ್ ರೈಲ್ಸ್. ತಂಡಗಳ ಕೆಲಸ ನಿರ್ವಹಿಸುವ ಬೇಸ್‌ಕ್ಯಾಂಪ್ ಎಂಬ ತಂತ್ರಾಂಶವನ್ನು ಬರೆಯುವಾಗ ಮತ್ತೆ ಮತ್ತೆ ಬಳಕೆಗೆ ಬಂದ ಭಾಗವನ್ನು ಬೇರ್ಪಡಿಸಿ ಅವರು 2004ರಲ್ಲಿ ಅದನ್ನು ಬಿಡುಗಡೆ ಮಾಡಿದರು. ಹೇಳಿಬರೆಯುವುದಕ್ಕಿಂತ ರೂಢಿಯೇ ಮೇಲು ಎಂಬುದು ಅದರ ಸೂತ್ರ: ಪ್ರೋಗ್ರಾಮರ್ ‘ಬುಕ್’ ಎಂಬ ಮಾಡೆಲ್ ಬರೆದರೆ ಅದರ ಮಾಹಿತಿ ‘ಬುಕ್ಸ್’ ಎಂಬ ಕೋಷ್ಟಕದಲ್ಲಿದೆ ಎಂದು ರೈಲ್ಸ್ ತಾನೇ ಭಾವಿಸುತ್ತದೆ, ‘ಪರ್ಸನ್’ ಎಂದು ಬರೆದರೆ ‘ಪೀಪಲ್’ ಎಂಬ ಕೋಷ್ಟಕವನ್ನು ಹುಡುಕುತ್ತದೆ. ಇಂಗ್ಲಿಷ್ ವ್ಯಾಕರಣದ ಬಹುವಚನ ನಿಯಮಗಳೇ ಇಲ್ಲಿ ತಂತ್ರಾಂಶದ ನಿಯಮಗಳಾಗಿವೆ ಎಂಬುದು ಗಮನಿಸಬೇಕಾದ ಸಂಗತಿ.

ಪೈಥಾನ್ ಭಾಷೆಯ ಜ್ಯಾಂಗೋ ಹುಟ್ಟಿದ್ದು ಸುದ್ದಿಮನೆಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ‘ಲಾರೆನ್ಸ್ ಜರ್ನಲ್‌-ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಕಟ್ಟತೊಡಗಿದರು. 2005ರ ಜುಲೈನಲ್ಲಿ ಅದು ಸಾರ್ವಜನಿಕವಾಯಿತು. ಪತ್ರಿಕೆಯಲ್ಲಿ ಹೊಸ ಪುಟ ಬೇಕೆಂದರೆ ಅದು ಅಂದೇ ಬೇಕು, ಅದನ್ನು ತುಂಬುವವರು ಕೋಡ್ ಬಲ್ಲವರಲ್ಲ, ವರದಿಗಾರರು. ಹಾಗಾಗಿ ಮಾಹಿತಿಯ ವಿನ್ಯಾಸವನ್ನು ಒಮ್ಮೆ ಬರೆದರೆ ಸಾಕು, ಅದನ್ನು ಸೇರಿಸುವ, ತಿದ್ದುವ, ಅಳಿಸುವ ಆಡಳಿತ ಪುಟಗಳನ್ನು ಜ್ಯಾಂಗೋ ತಾನಾಗಿಯೇ ಸಿದ್ಧಪಡಿಸುತ್ತದೆ. ಇತರರು ಕಂಟ್ರೋಲರ್ ಎನ್ನುವುದನ್ನು ಜ್ಯಾಂಗೋ ವ್ಯೂ ಎಂದೂ, ಇತರರ ವ್ಯೂವನ್ನು ಟೆಂಪ್ಲೇಟ್ ಎಂದೂ ಕರೆಯುವುದು ಹೊಸಬರನ್ನು ಕೊಂಚ ಗಲಿಬಿಲಿಗೊಳಿಸಿದರೂ ಒಳಗಿನ ಹಂಚಿಕೆ ಹೆಚ್ಚುಕಡಿಮೆ ಅದೇ.

ದೊಡ್ಡ ಸಂಸ್ಥೆಗಳ ಅಗತ್ಯದಿಂದ ಹೊಮ್ಮಿದ ಸ್ಪ್ರಿಂಗ್ ಬೇರೆಯೇ ಬಗೆಯದು. ರಾಡ್ ಜಾನ್ಸನ್ ಅವರ 2002ರ ಗ್ರಂಥವೊಂದರ ಜೊತೆಗೆ ಬಂದ ಕೋಡ್‌ನಿಂದ ಬೆಳೆದ ಈ ಜಾವಾ ಫ್ರೇಮ್‌ವರ್ಕ್‌ನ ತಿರುಳು ಅವಲಂಬನೆಯ ಪೂರೈಕೆ: ಕೋಡ್‌ನ ಒಂದು ಭಾಗಕ್ಕೆ ಬೇಕಾದ ಇನ್ನೊಂದು ಭಾಗವನ್ನು ಅದು ತಾನೇ ಸೃಷ್ಟಿಸಿಕೊಳ್ಳದೆ, ಹೊರಗಿನಿಂದ ಸ್ಪ್ರಿಂಗ್ ತಂದು ಜೋಡಿಸುತ್ತದೆ. ಪಾವತಿಯ ಭಾಗವನ್ನು ಪರೀಕ್ಷಿಸುವಾಗ ನಿಜವಾದ ಬ್ಯಾಂಕಿನ ಬದಲು ನಕಲಿ ಬ್ಯಾಂಕನ್ನು ಜೋಡಿಸಿ ನೋಡುವುದು ಇದರಿಂದ ಸುಲಭವಾಗುತ್ತದೆ. ಹತ್ತಾರು ತಂಡಗಳು ವರ್ಷಗಟ್ಟಲೆ ಸಾಕಬೇಕಾದ ತಂತ್ರಾಂಶಕ್ಕೆ ಈ ಬಿಗಿ ಬೇಕಾಗಬಹುದು. ಇಬ್ಬರೇ ಮೂರು ವಾರದಲ್ಲಿ ಮುಗಿಸಬೇಕಾದ ಕೆಲಸಕ್ಕೆ ಅದೇ ಹೊರೆ.

ಇವೆಲ್ಲಕ್ಕೂ ಎದುರು ತುದಿಯಲ್ಲಿ ರೂಬಿಯ ಸಿನಾಟ್ರಾ, ಪೈಥಾನ್‌ನ ಫ್ಲಾಸ್ಕ್‌ನಂಥ ಕಿರು ಫ್ರೇಮ್‌ವರ್ಕ್‌ಗಳಿವೆ. ಆರ್ಮಿನ್ ರೋನಾಕರ್ 2010ರಲ್ಲಿ ಏಪ್ರಿಲ್ ಮೊದಲ ದಿನದ ತಮಾಷೆಗೆಂದು ಬರೆದದ್ದೇ ಬೆಳೆದು ಫ್ಲಾಸ್ಕ್ ಆಯಿತು. ವಿಳಾಸಕ್ಕೂ ಕೋಡ್‌ಗೂ ಗಂಟು ಹಾಕಿ, ಟೆಂಪ್ಲೇಟಿಗೆ ಜಾಗ ಕೊಟ್ಟು ಅದು ನಿಲ್ಲುತ್ತದೆ. ಡೇಟಾಬೇಸ್ ಯಾವುದು, ಲಾಗಿನ್ ಹೇಗೆ ಎಂಬುದೆಲ್ಲ ಬಳಸುವವರ ಆಯ್ಕೆ. ತೀರ್ಮಾನಗಳ ಭಾರವೇನೋ ಇಳಿಯುತ್ತದೆ, ಆದರೆ ಅವು ಮಾಯವಾಗುವುದಿಲ್ಲ, ಪ್ರೋಗ್ರಾಮರ್‌ನ ಹೆಗಲಿಗೆ ಬಂದು ಕೂರುತ್ತವೆ.

ರೂಢಿಯ ಸಂದಿನಲ್ಲಿ ನುಸುಳಿದ್ದು

ಸದ್ದಿಲ್ಲದೆ ನಡೆಯುವ ರೂಢಿ ಎಷ್ಟು ಅನುಕೂಲವೋ ಅಷ್ಟೇ ಅಪಾಯವೂ ಆಗಬಲ್ಲದು ಎಂಬುದಕ್ಕೆ 2012ರ ಮಾರ್ಚ್‌ನ ಘಟನೆ ನಿದರ್ಶನ. ಫಾರ್ಮಿನಿಂದ ಬಂದ ಎಲ್ಲ ವಿವರಗಳನ್ನೂ ಒಂದೇ ಸಾಲಿನಲ್ಲಿ ಮಾಡೆಲ್‌ಗೆ ತುಂಬುವ ಸೌಲಭ್ಯ ರೈಲ್ಸ್‌ನಲ್ಲಿತ್ತು. ಯಾವ ವಿವರಗಳನ್ನು ಒಪ್ಪಬಾರದೆಂದು ಪ್ರೋಗ್ರಾಮರ್ ನೆನಪಿಟ್ಟು ಹೇಳದಿದ್ದರೆ ಎಲ್ಲವೂ ಒಳಗೆ ಹೋಗುತ್ತಿತ್ತು. ಈ ಬಗ್ಗೆ ಎಚ್ಚರಿಸುತ್ತಿದ್ದ ಯುವಕನೊಬ್ಬ, ರೈಲ್ಸ್‌ನಲ್ಲೇ ಬರೆಯಲಾಗಿದ್ದ, ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಖಾತೆಯ ಕೋಡನ್ನು ತಿದ್ದುವ ಹಕ್ಕು ಕೊಡುವ ಸಾರ್ವಜನಿಕ ಕೀಲಿ ನಮೂದಿಸುವ ಫಾರ್ಮಿಗೆ ಪುಟದಲ್ಲಿ ಇಲ್ಲದ ಒಂದು ಹೆಚ್ಚುವರಿ ವಿವರವನ್ನು, ಅಂದರೆ ಬೇರೆಯವರ ಖಾತೆಯ ಸಂಖ್ಯೆಯನ್ನು, ಸೇರಿಸಿ ಕಳುಹಿಸಿ, ತನ್ನ ಕೀಲಿಯನ್ನು ರೈಲ್ಸ್ ಯೋಜನೆಯ ಖಾತೆಗೇ ಅಂಟಿಸಿ ತೋರಿಸಿದ. 2013ರ ನಾಲ್ಕನೆಯ ಆವೃತ್ತಿಯಲ್ಲಿ ರೈಲ್ಸ್ ತನ್ನ ರೂಢಿಯನ್ನೇ ತಿರುಗಿಸಿತು: ಒಪ್ಪತಕ್ಕ ವಿವರಗಳನ್ನು ಕಂಟ್ರೋಲರ್‌ನಲ್ಲಿ ಹೆಸರಿಸದೆ ಅವುಗಳನ್ನು ಒಟ್ಟಾಗಿ ಮಾಡೆಲ್‌ಗೆ ತುಂಬಲು ಹೋದರೆ ಅದು ತಡೆಯುತ್ತದೆ.

ಕಾಯುವವರ ಲೆಕ್ಕ

ಏಕಕಾಲಕ್ಕೆ ಬರುವ ಕೋರಿಕೆಗಳನ್ನು ಹೇಗೆ ನಿಭಾಯಿಸಬೇಕೆಂಬುದು ಇನ್ನೊಂದು ಮೂಲಭೂತ ತೀರ್ಮಾನ. 1993ರಲ್ಲಿ ಬಂದ ಸಿಜಿಐ ಪದ್ಧತಿಯಲ್ಲಿ ಪ್ರತಿ ಕೋರಿಕೆಗೂ ಪ್ರೋಗ್ರಾಂ ಹೊಸದಾಗಿ ಆರಂಭವಾಗಿ ಮುಗಿಯುತ್ತಿತ್ತು. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ ಭಾಷೆ ಆ ವೆಚ್ಚವನ್ನು ಮುಂದೆ ತಗ್ಗಿಸಿಕೊಂಡರೂ, ಪ್ರತಿ ಕೋರಿಕೆಯ ಕೊನೆಗೆ ಎಲ್ಲವನ್ನೂ ಮರೆಯುವ ಗುಣವನ್ನು ಉಳಿಸಿಕೊಂಡಿತು. ರಯಾನ್ ಡಾಲ್ 2009ರಲ್ಲಿ ಪರಿಚಯಿಸಿದ, ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಜೆಎಸ್ ಬೇರೆ ದಾರಿ ಹಿಡಿಯಿತು. ಅದರ ಕ್ರಮವನ್ನು ಹೋಟೆಲ್ ಸಪ್ಲೈಯರ್‌ಗೆ ಹೋಲಿಸಬಹುದು: ಒಂದು ಮೇಜಿನ ಆರ್ಡರನ್ನು ಅಡುಗೆಮನೆಗೆ ಮುಟ್ಟಿಸಿದವನು ದೋಸೆ ಬೇಯುವವರೆಗೆ ಅಲ್ಲೇ ನಿಲ್ಲದೆ ಮುಂದಿನ ಮೇಜಿಗೆ ಹೋಗುತ್ತಾನೆ. ಡೇಟಾಬೇಸ್‌ನ ಉತ್ತರಕ್ಕಾಗಿ ಕಾಯುವುದೇ ಹೆಚ್ಚಾಗಿರುವ ಹರಟೆ ತಾಣಗಳಂಥ ಕಡೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಸಪ್ಲೈಯರ್‌ನೇ ಹಿಟ್ಟು ರುಬ್ಬಲು ಕುಳಿತರೆ ಎಲ್ಲ ಮೇಜುಗಳೂ ಕಾಯಬೇಕಾಗುವಂತೆ, ಭಾರೀ ಲೆಕ್ಕಾಚಾರವೊಂದು ಅದೇ ಸರದಿಯಲ್ಲಿ ನುಗ್ಗಿದರೆ ಉಳಿದವರೆಲ್ಲ ತಡೆದು ನಿಲ್ಲುತ್ತಾರೆ.

ಪುಟ ಜೋಡಣೆಯಾಗುವುದು ಎಲ್ಲಿ

2004ರ ಜಿಮೇಲ್ ಮತ್ತು 2005ರ ಗೂಗಲ್ ಮ್ಯಾಪ್ಸ್, ಇಡೀ ಪುಟವನ್ನು ಮತ್ತೆ ತರಿಸದೆ ಬೇಕಾದ ತುಣುಕನ್ನಷ್ಟೇ ತರಿಸಿಕೊಳ್ಳುವುದು ಸಾಧ್ಯವೆಂದು ಜನಸಾಮಾನ್ಯರಿಗೆ ತೋರಿಸಿಕೊಟ್ಟವು. ಅಲ್ಲಿಂದ ಪುಟ ಜೋಡಿಸುವ ಕೆಲಸವೇ ಸರ್ವರ್‌ನಿಂದ ಬ್ರೌಸರ್‌ಗೆ ಸರಿಯತೊಡಗಿತು. ಗೂಗಲ್‌ನ ಆಂಗ್ಯುಲರ್ ಜೆಎಸ್ ಪರದೆಯನ್ನೂ ಮಾಹಿತಿಯನ್ನೂ ಎರಡೂ ದಿಕ್ಕಿನಿಂದ ಕಟ್ಟಿಹಾಕಿತು. ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತಿತ್ತು. ಪುಟ ದೊಡ್ಡದಾದಂತೆ ಯಾವ ಬದಲಾವಣೆಗೆ ಯಾವುದು ಕಾರಣವೆಂದು ಪತ್ತೆಹಚ್ಚುವುದು ಕಷ್ಟವಾಗುತ್ತಿತ್ತು. ಫೇಸ್‌ಬುಕ್ 2013ರಲ್ಲಿ ಮುಕ್ತವಾಗಿಸಿದ ರಿಯಾಕ್ಟ್ ಮಾಹಿತಿ ಒಂದೇ ದಿಕ್ಕಿಗೆ ಹರಿಯಬೇಕೆಂದು ವಿಧಿಸಿತು. ಮಾಹಿತಿಯ ಸ್ಥಿತಿ ಹೀಗಿದ್ದರೆ ಪರದೆ ಹೀಗಿರಬೇಕು ಎಂದಷ್ಟೇ ಪ್ರೋಗ್ರಾಮರ್ ಬರೆಯುತ್ತಾರೆ. ಸ್ಥಿತಿ ಬದಲಾದಾಗ ರಿಯಾಕ್ಟ್ ಹಳೆಯ ಮತ್ತು ಹೊಸ ಪರದೆಗಳ ನಕಾಶೆಗಳನ್ನು ನೆನಪಿನಲ್ಲೇ ಹೋಲಿಸಿ ವ್ಯತ್ಯಾಸವನ್ನು ಮಾತ್ರ ತಿದ್ದುತ್ತದೆ.

ಹೀಗೆ ಕಟ್ಟಿದ ಪುಟಗಳಿಗೆ ಬೆಲೆಯೂ ಇದೆ. ಸರ್ವರ್‌ನಿಂದ ಮೊದಲು ಬರುವುದು ಹೆಚ್ಚುಕಡಿಮೆ ಖಾಲಿ ಪುಟ. ಜಾವಾಸ್ಕ್ರಿಪ್ಟ್ ಇಳಿದು, ಓಡಿ, ಮಾಹಿತಿ ತರಿಸಿದ ಮೇಲಷ್ಟೇ ಓದುಗರಿಗೆ ಏನಾದರೂ ಕಾಣುತ್ತದೆ. ಅಗ್ಗದ ಮೊಬೈಲಿನಲ್ಲಿ, ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ಈ ವಿಳಂಬ ಚೆನ್ನಾಗಿಯೇ ತಿಳಿಯುತ್ತದೆ. ಅದಕ್ಕಾಗಿಯೇ 2016ರ ನೆಕ್ಸ್ಟ್ ಜೆಎಸ್ ಮೊದಲ ಪುಟವನ್ನು ಸರ್ವರ್‌ನಲ್ಲೇ ಜೋಡಿಸಿ ಕಳುಹಿಸಿ, ಆಮೇಲೆ ಬ್ರೌಸರ್‌ನಲ್ಲಿ ಅದಕ್ಕೆ ಚಲನೆ ಕೊಡುವ ಮಧ್ಯಮಾರ್ಗವನ್ನು ಹಿಡಿಯಿತು. 2020ರ ಎಚ್‌ಟಿಎಂಎಕ್ಸ್ ಇನ್ನೂ ಹಿಂದಕ್ಕೆ ಹೋಗಿ, ಸರ್ವರ್ ಸಿದ್ಧಪಡಿಸಿದ ಎಚ್‌ಟಿಎಂಎಲ್ ತುಣುಕನ್ನು ನೇರವಾಗಿ ಪುಟದೊಳಗೆ ಕೂರಿಸುತ್ತದೆ.

ಎಲಿಕ್ಸಿರ್ ಭಾಷೆಯ ಫೀನಿಕ್ಸ್ ಫ್ರೇಮ್‌ವರ್ಕ್‌ನ ಲೈವ್‌ವ್ಯೂ, ಪುಟ ನೋಡುತ್ತಿರುವ ಪ್ರತಿಯೊಬ್ಬರಿಗೂ ಸರ್ವರ್‌ನಲ್ಲೇ ಪುಟ್ಟ ಪ್ರಕ್ರಿಯೆಯೊಂದನ್ನು ಜೀವಂತವಾಗಿ ಇಟ್ಟುಕೊಂಡು, ಬದಲಾದುದನ್ನು ತೆರೆದ ಸಂಪರ್ಕದ ಮೂಲಕ ದೂಡುತ್ತದೆ. ಅದಕ್ಕೆ ಇಷ್ಟು ಧೈರ್ಯ ಬಂದದ್ದು, ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಎರಿಕ್ಸನ್ ಸಂಸ್ಥೆ ರೂಪಿಸಿದ ಎರ್ಲಾಂಗ್ ವ್ಯವಸ್ಥೆಯ ಮೇಲೆ ಎಲಿಕ್ಸಿರ್ ನಿಂತಿರುವುದರಿಂದ. ಪರಸ್ಪರ ಹಂಗಿಲ್ಲದ ಅಸಂಖ್ಯ ಕರೆಗಳನ್ನು ಒಟ್ಟಿಗೆ ಸಾಕುವುದು ಅದರ ಹುಟ್ಟುಗುಣ. ರೀನ್ಸ್‌ಕೌಗ್ ಅವರ ಮಾಡೆಲ್ ಬದಲಾದ ಕೂಡಲೇ ವ್ಯೂಗೆ ಸುದ್ದಿ ಮುಟ್ಟುತ್ತಿದ್ದ ಹಳೆಯ ಏರ್ಪಾಡು ಹೀಗೆ ಬಹುಕಾಲದ ಬಳಿಕ ದೂರವಾಣಿಯ ದಾರಿಯಲ್ಲಿ ವೆಬ್‌ಗೆ ಮರಳಿದೆ.

ಕನ್ನಡದ ಹೆಸರೊಂದು ಒಳಹೊಕ್ಕಾಗ

ತೀರ್ಮಾನಗಳು ಎಷ್ಟು ಸಣ್ಣ ಜಾಗದಲ್ಲಿ ಕುಳಿತಿರುತ್ತವೆ ಎಂಬುದನ್ನು ಜ್ಯಾಂಗೋದ ಒಂದು ಮೂಲೆಯಲ್ಲಿ ಕಾಣಬಹುದು. ಲೇಖನದ ಶೀರ್ಷಿಕೆಯಿಂದ ವಿಳಾಸದ ಕೊನೆಯ ತುಂಡನ್ನು ತಯಾರಿಸುವ ಕ್ರಿಯೆ ಅದರಲ್ಲಿದೆ. ಆ ತುಂಡಿಗೆ ಸ್ಲಗ್ ಎಂದು ಹೆಸರು, ಅದು ಸುದ್ದಿಮನೆಯಿಂದಲೇ ಬಂದ ಪದ. ಈ ಕ್ರಿಯೆಗೆ ‘ಕರ್ನಾಟಕ’ ಎಂಬ ಪದವನ್ನು ಕೊಟ್ಟರೆ, ಅದರ ಸಹಜ ರೂಢಿಯಂತೆ, ಉತ್ತರವಾಗಿ ಬರುವುದು ಖಾಲಿ ಸಾಲು, ಏಕೆಂದರೆ ರೋಮನ್ ಅಲ್ಲದ ಲಿಪಿಗಳ ಅಕ್ಷರಗಳನ್ನೆಲ್ಲ ಅದು ಕಿತ್ತುಹಾಕುತ್ತದೆ. ಬೇರೆ ಲಿಪಿಗಳಿಗೂ ಅನುಮತಿ ಕೊಡುವ ಆಯ್ಕೆ 2015ರ ಕೊನೆಯಲ್ಲಿ ಬಂದ 1.9ನೆಯ ಆವೃತ್ತಿಯಲ್ಲಿ ಸೇರಿತು. ಅದನ್ನು ಬಳಸಿದರೆ ದೊರೆಯುವುದು ‘ಕರನಟಕ’.

ಕಾರಣ ಹೀಗಿದೆ. ಕಣ್ಣಿಗೆ ನಾಲ್ಕು ಅಕ್ಷರಗಳಾಗಿ ಕಾಣುವ ‘ಕರ್ನಾಟಕ’ ಯೂನಿಕೋಡ್‌ನಲ್ಲಿ ಏಳು ಸಂಕೇತಗಳ ಸಾಲು. ಅದರಲ್ಲಿ ಐದು ವ್ಯಂಜನಗಳು, ಒಂದು ಹಲಂತದ ಚಿಹ್ನೆ, ಇನ್ನೊಂದು ದೀರ್ಘದ ಚಿಹ್ನೆ. ಪದದ ಭಾಗ ಯಾವುದು, ಯಾವುದಲ್ಲ ಎಂಬುದನ್ನು ಪೈಥಾನ್‌ನ ಪಠ್ಯಶೋಧಕ ನಿರ್ಧರಿಸುವಾಗ ವ್ಯಂಜನಗಳನ್ನು ಅಕ್ಷರವೆಂದು ಒಪ್ಪಿ, ಕಾಗುಣಿತದ ಚಿಹ್ನೆಗಳನ್ನು ಹೊರಗಿನವೆಂದು ಎಣಿಸುತ್ತದೆ. ಸ್ವರವೂ ವ್ಯಂಜನವೂ ಬೇರೆ ಬೇರೆ ಅಕ್ಷರಗಳಾಗಿ ಸಾಲಾಗಿ ನಿಲ್ಲುವ ಲಿಪಿಗಳಿಗೆ ಈ ವಿಂಗಡಣೆಯಿಂದ ಬಾಧೆಯಿಲ್ಲ. ಸ್ವರ ವ್ಯಂಜನಕ್ಕೆ ಅಂಟಿಕೊಳ್ಳುವ ಕನ್ನಡ, ತೆಲುಗು, ಹಿಂದಿಗಳ ಬರಹದಲ್ಲಿ ಮಾತ್ರ ಪದವೇ ಒಡೆಯುತ್ತದೆ.

ಇದರಲ್ಲಿ ಯಾರ ಅನಾದರವೂ ಇಲ್ಲ. ಜ್ಯಾಂಗೋದ ಅಧಿಕೃತ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಲಾರೆನ್ಸ್‌ನ ಸುದ್ದಿಮನೆಯ ಶೀರ್ಷಿಕೆಗಳಿಗೆ ಕಾಗುಣಿತ ಇರಲಿಲ್ಲ, ಅಷ್ಟೆ. ಆ ಕ್ರಿಯೆಯ ಬದಲು ಕಾಗುಣಿತವನ್ನು ಉಳಿಸುವ ನಾಲ್ಕು ಸಾಲಿನ ಬೇರೆ ಕ್ರಿಯೆಯನ್ನು ಬರೆದು ಜೋಡಿಸಲು ಜ್ಯಾಂಗೋ ಅಡ್ಡಿಪಡಿಸುವುದೂ ಇಲ್ಲ. ಆದರೆ ಭಾಗವತ ಎತ್ತಿಕೊಂಡ ಪದ್ಯ ಯಾವುದೆಂದು ತಿಳಿಯದ ವೇಷಧಾರಿ ಅರ್ಥ ಹೇಳಲಾರ. ತೀರ್ಮಾನ ಕುಳಿತಿರುವ ಸಾಲನ್ನು ಹುಡುಕಿ ಓದಿದವರಿಗೆ ಮಾತ್ರ ‘ಕರನಟಕ’ವನ್ನು ‘ಕರ್ನಾಟಕ’ವಾಗಿಸಲು ಸಾಧ್ಯ.