ಪುಟ್ಟಿಯ ಮೇಲೆ ಪ್ರೈಮರ್ ಏಕೆ?

ಮಳೆಗಾಲ ಕಳೆದ ಮೇಲೆ ಜೊಯಿಡಾ, ದಾಂಡೇಲಿ ಕಡೆಯ ಹಳೆಯ ಕಾರುಗಳನ್ನು ನೋಡಬೇಕು. ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿರುತ್ತದೆ. ಉಗುರಿನಿಂದ ಕೆರೆದರೆ ಬಣ್ಣದೊಂದಿಗೆ ಪುಟ್ಟಿಯೂ ಕಳಚಿ ಅಡಿಯಲ್ಲಿ ಕೆಂಪು ತುಕ್ಕು ಕಾಣುತ್ತದೆ. ಎಷ್ಟೋ ಸಲ ಅದು ಹಿಂದಿನ ಬೇಸಿಗೆಯಲ್ಲಷ್ಟೇ ಮನೆಯಂಗಳದಲ್ಲಿ ತಗ್ಗು ತುಂಬಿ ಬಣ್ಣ ಹೊಡೆದ ಜಾಗವೇ ಆಗಿರುತ್ತದೆ. ಆಗ ಬಣ್ಣದ ಅಂಗಡಿಯವನನ್ನು ಬೈಯುವುದು ವಾಡಿಕೆ. ಆದರೆ ತಪ್ಪು ಸಾಮಾನ್ಯವಾಗಿ ಬಣ್ಣದ್ದಲ್ಲ, ಅದರ ಕೆಳಗಿನ ಪದರದ್ದು.

ಗ್ಯಾರೇಜಿನವರು ಪುಟ್ಟಿ ಎನ್ನುವ ಬಾಡಿ ಫಿಲ್ಲರ್ ಎಂದರೆ ಪಾಲಿಯೆಸ್ಟರ್ ರಾಳದಲ್ಲಿ ಟಾಲ್ಕ್ ಪುಡಿ ಕಲಸಿದ ಮುದ್ದೆ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿನಲ್ಲಿರುವ ಮೆಗ್ನೀಸಿಯಂ ಸಿಲಿಕೇಟೇ ಈ ಟಾಲ್ಕ್. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡನರ್ ಬೆರೆಸಿದರೆ ಅದರಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ ರಾಳದ ಅಣುಗಳನ್ನು ಒಂದಕ್ಕೊಂದು ಹೆಣೆಯತೊಡಗುತ್ತದೆ. ಮುದ್ದೆ ಬೆಚ್ಚಗಾಗಿ ಕೆಲವು ನಿಮಿಷಗಳಲ್ಲೇ ಗಟ್ಟಿಯಾಗುತ್ತದೆ. ಇದು ಒಣಗುವಿಕೆಯಲ್ಲ, ರಾಸಾಯನಿಕ ಕ್ರಿಯೆ.

ಗಟ್ಟಿಯಾದ ಪುಟ್ಟಿ ಕಲ್ಲಿನಂತೆ ಕಂಡರೂ ಅದರೊಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ. ಎಮರಿ ಪೇಪರಿನಿಂದ ಉಜ್ಜಿದಾಗ ಅವು ಬಾಯ್ದೆರೆಯುತ್ತವೆ, ಮಣ್ಣಿನ ಹೂಜಿಯಂತೆ ತೇವವನ್ನು ಹೀರುತ್ತವೆ. ಆ ತೇವ ತಗಡನ್ನು ಮುಟ್ಟಿದರೆ ಸಾಕು, ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಮೇಲಿನ ಪುಟ್ಟಿಯನ್ನೂ ಬಣ್ಣವನ್ನೂ ಎತ್ತಿಬಿಡುತ್ತದೆ. ಹೀಗಿರುವಾಗ ಪುಟ್ಟಿಯನ್ನೇ ನೀರು ಹಾಕಿ ಉಜ್ಜುವವರಿಗೆ ಏನೆನ್ನಬೇಕು? ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು, ಮೊದಲು 80, ಆಮೇಲೆ 180, ಕೊನೆಗೆ 320ರ ಕಾಗದದಿಂದ.

ಉಜ್ಜಿದ ಮೇಲೆ ಪುಟ್ಟಿಯ ಸುತ್ತ ಬಳೆಯಂತೆ ಬರಿಯ ತಗಡು ಹೊಳೆಯುತ್ತದೆ. ಅಪಾಯವಿರುವುದು ಅಲ್ಲಿಯೇ. ಕಾಳಿ ನದಿಯ ದಡದ ಊರುಗಳಲ್ಲಿ ಒಂದು ರಾತ್ರಿಯ ಇಬ್ಬನಿಯೂ ಅದನ್ನು ಕೆಡಿಸಬಲ್ಲದು. ಆದ್ದರಿಂದ ಪ್ರೈಮರ್ ಅದೇ ದಿನ ಬೀಳಬೇಕು. ಧೂಳು, ಜಿಡ್ಡು ಒರೆಸಿ, ತೆಳುವಾಗಿ ಎರಡು ಮೂರು ಪದರ ಹೊಡೆದು, ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ಒಮ್ಮೆಲೇ ದಪ್ಪಗೆ ಬಳಿದರೆ ಥಿನ್ನರ್ ಒಳಗೇ ಉಳಿದು, ತಿಂಗಳ ಬಳಿಕ ಪುಟ್ಟಿಯ ಅಂಚು ನಕಾಶೆಯ ಗೆರೆಯಂತೆ ಮೇಲೆದ್ದು ಕಾಣುತ್ತದೆ.

ಪ್ರೈಮರ್ ಹೊಡೆದಾಯಿತೆಂದು ಬೂದು ಬಣ್ಣದಲ್ಲೇ ಕಾರನ್ನು ಮಳೆಗೆ ಬಿಡುವವರಿದ್ದಾರೆ. ಉಜ್ಜಲು ಸುಲಭವಾದ ಸರ್ಫೇಸರ್ ಪ್ರೈಮರಿಗೂ ನೀರು ಹೀರುವ ಗುಣವಿದೆ. ನೀರನ್ನು ಚೆನ್ನಾಗಿ ತಡೆಯುವುದು ಎಪಾಕ್ಸಿ ಪ್ರೈಮರ್. ಸರ್ಫೇಸರನ್ನು 400 ಅಥವಾ 600ರ ಕಾಗದದಿಂದ ನೀರು ಹಾಕಿ ಉಜ್ಜಿದರೂ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿಯೇ ಬಣ್ಣ ಹೊಡೆಯಬೇಕು.

ಇನ್ನು ಹವೆ. ಥಿನ್ನರ್ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಕಸಿಯುತ್ತದೆ. ಗಾಳಿ ತೇವವಾಗಿದ್ದರೆ ಆ ತಂಪಿನ ಮೇಲೆ ನೀರ ಹನಿ ಕಟ್ಟಿ ಪದರ ಬೆಳ್ಳಗೆ ಮಬ್ಬಾಗುತ್ತದೆ. ಗಾಳಿಯ ತೇವಾಂಶ ಶೇ. 85 ದಾಟಿದರೆ ಕೆಲಸ ಬೇಡ. ಮಳೆ ಕಡಿಮೆಯಿರುವ ಹಳಿಯಾಳ, ಮುಂಡಗೋಡದವರಿಗೆ ದಿನಗಳು ಹೆಚ್ಚು ಸಿಗುತ್ತವೆ. ಜೊಯಿಡಾದವರು ದೀಪಾವಳಿಯ ನಂತರ, ಇಬ್ಬನಿ ಆರಿದ ಮೇಲೆ ಶುರುಮಾಡಿ, ಸಂಜೆಯ ತಂಪಿಗೆ ಮೊದಲೇ ಮುಗಿಸುವುದು ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ತಂದೆಗೆ ಮಕ್ಕಳು ಒಂದು ಸಹಾಯ ಮಾಡಬಹುದು. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಮೇಲೆ ಸರಿಸುತ್ತ ಹೋಗಬೇಕು. ಕಬ್ಬಿಣವಿದ್ದಲ್ಲಿ ಅಂಟುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ. 3 ಮಿ.ಮೀ.ಗಿಂತ ಆಳದ ತಗ್ಗನ್ನು ಟಿಂಕರಿಂಗ್ ಮಾಡಿಸದೆ ಬರೀ ಪುಟ್ಟಿಯಿಂದ ತುಂಬಿದ್ದರೆ ಅದು ಬಹಳ ದಿನ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಈ ಪರೀಕ್ಷೆ ನಡೆಯದು.

ಉಜ್ಜುವಾಗ ಧೂಳಿನ ಮಾಸ್ಕ್ ಇರಲಿ. ಪ್ರೈಮರ್ ಹೊಡೆಯುವಾಗ ಹತ್ತಿರ ಒಲೆ, ಬೀಡಿ ಯಾವುದೂ ಬೇಡ, ಥಿನ್ನರಿನ ಆವಿಗೆ ಕಿಡಿ ಸಾಕು. ಹಾರ್ಡನರ್ ಬೆರೆಸಿ ಸ್ಪ್ರೇ ಮಾಡುವ 2ಕೆ ಪ್ರೈಮರುಗಳಲ್ಲಿ ಹಲವಕ್ಕೆ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಆ ಕೆಲಸವನ್ನು ಸರಿಯಾದ ಸಲಕರಣೆ ಇರುವ ಗ್ಯಾರೇಜಿಗೇ ಬಿಡಬೇಕು.