ಸೀನಿಯರ್‌ಗೆ ಮೆಸೇಜ್ ಹಾಕೋದು ಹೇಗೆ?

"ಹಾಯ್ ಸರ್, ಪ್ಲೀಸ್ ಗೈಡ್ ಮಿ." ಇಂಥ ಮೆಸೇಜ್‌ಗೆ ಉತ್ತರ ಬರೋದು ಅಪರೂಪ. ಏನು ಹೇಳಬೇಕು ಅಂತಲೇ ಓದಿದವರಿಗೆ ಗೊತ್ತಾಗಲ್ಲ.

ಮೊದಲು ಸರಿಯಾದವರನ್ನ ಹುಡುಕಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪೇಜ್ ತೆಗೆದು 'ಅಲಮ್ನೈ' ಒತ್ತಿ. ಯಾವ ಊರು, ಯಾವ ಕಂಪನಿ, ಏನು ಓದಿದ್ದು, ಎಲ್ಲಾ ಸೋಸಿ ನೋಡಬಹುದು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಶುರುವಾಗಿದ್ದು 1917ರಲ್ಲಿ. ಅಂಥ ಹಳೇ ಕಾಲೇಜಿನ ಪಟ್ಟಿ ಉದ್ದ ಇರುತ್ತೆ. ಆದ್ರೆ ದೊಡ್ಡ ಹುದ್ದೆಯವರ ಹಿಂದೆ ಬೀಳಬೇಡಿ. ಮೂರ್ನಾಲ್ಕು ವರ್ಷದ ಹಿಂದೆ ಪಾಸಾದವರಿಗೆ ಇಂಟರ್‌ವ್ಯೂ ಇನ್ನೂ ಚೆನ್ನಾಗಿ ನೆನಪಿರುತ್ತೆ.

ಇನ್ನು ಮೆಸೇಜ್. ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಆರನೇ ಸೆಮಿಸ್ಟರ್. ನೀವು ಸೈಟ್ ಕೆಲಸ ಬಿಟ್ಟು ಡಿಸೈನ್‌ಗೆ ಹೋಗಿದ್ದು ನೋಡಿದೆ. ಅದಕ್ಕೆ ಎಂ.ಟೆಕ್ ಬೇಕೇ ಬೇಕಾ? ಹದಿನೈದು ನಿಮಿಷ ಫೋನಲ್ಲಿ ಮಾತಾಡಬಹುದಾ? ಶನಿವಾರ ಆದ್ರೂ ಸರಿ."

ಇದರಲ್ಲಿ ಕೆಲಸ ಕೇಳಿಲ್ಲ, ರೆಸ್ಯೂಮ್ ಅಂಟಿಸಿಲ್ಲ. ಪ್ರಶ್ನೆ ಒಂದೇ, ಅದೂ ಅವರಿಗೇ ಗೊತ್ತಿರೋದು.

ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನೀವೇ ಮೊದಲಾ? ಹಾಗಿದ್ರೆ ದಯವಿಟ್ಟು ಸಂಕೋಚ ಬಿಡಿ, ಸೀನಿಯರ್‌ಗೆ ಕನ್ನಡ ಬಂದ್ರೆ ಕನ್ನಡದಲ್ಲೇ ಬರೀರಿ. ಉತ್ತರ ಬರದಿದ್ರೆ ವಾರ ಬಿಟ್ಟು ಒಂದೇ ಸಲ ನೆನಪಿಸಿ. ಮಾತಾಡಿ ಆದ ಮೇಲೆ, ಅವರು ಹೇಳಿದ್ದರಲ್ಲಿ ಏನು ಮಾಡಿದಿರಿ ಅಂತ ಒಂದು ಸಾಲು ಕಳಿಸಿ.