ಕೊನೆಯ ಬೋಗಿ ಯಾವುದು?

ರೈಲುಗಾಡಿಯ ಕೊನೆಯ ಬೋಗಿಯ ಹಿಂಬದಿಯಲ್ಲಿ ‘ಎಲ್‌ವಿ’ ಎಂಬ ಫಲಕವನ್ನು ನೀವು ನೋಡಿರಬಹುದು. ಇದೇ ಕೊನೆಯ ವಾಹನ ಎಂಬುದು ಅದರ ಅರ್ಥ. ಅದು ಕಂಡರೆ ಗಾಡಿ ಪೂರ್ತಿಯಾಗಿ ಬಂದಿದೆ, ನಡುವೆ ಬೋಗಿಗಳು ಕಳಚಿಕೊಂಡಿಲ್ಲ ಎಂದು ನಿಲ್ದಾಣದವರಿಗೆ ಖಾತ್ರಿ.

ಕಂಪ್ಯೂಟರಿನ ಮೆಮೊರಿಯಲ್ಲಿರುವ ಅಕ್ಷರಗಳ ಸಾಲಿಗೂ ಇಂಥದೊಂದು ಗುರುತು ಬೇಕು. ಈ ಸಾಲಿಗೆ ‘ಸ್ಟ್ರಿಂಗ್’ ಎಂದು ಹೆಸರು. ಮೆಮೊರಿಯಲ್ಲಿರುವುದು ಒಂದರ ಪಕ್ಕ ಒಂದು ಬೈಟ್‌ಗಳು, ಅಷ್ಟೆ. ಸಾಲು ಎಲ್ಲಿ ಮುಗಿಯಿತೆಂದು ತಿಳಿಯುವುದು ಹೇಗೆ?

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯದು ಫಲಕದ ಪದ್ಧತಿ. ಮೈಸೂರನ್ನು ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರ. ಸಿ ಅದಕ್ಕೆ ಏಳು ಬೈಟ್ ಬಳಸುತ್ತದೆ, ಏಳನೆಯದು ಸೊನ್ನೆ. 1957ರಲ್ಲಿ ಐಬಿಎಂ ಸಂಸ್ಥೆಯಿಂದ ಬಂದ ಫೋರ್ಟ್ರಾನ್‌ನ ದಾರಿಯೇ ಬೇರೆ. ಹತ್ತು ಅಕ್ಷರದ ಪೆಟ್ಟಿಗೆ ಎಂದು ಹೇಳಿದ್ದರೆ ಮೈಸೂರಿನ ನಂತರದ ನಾಲ್ಕು ಮನೆಗಳಲ್ಲಿ ಖಾಲಿ ಜಾಗವನ್ನು ತುಂಬುತ್ತದೆ, ಕೊನೆಯ ಗುರುತಿಲ್ಲ. ಬದಲಿಗೆ, ಸಾಲನ್ನು ಇನ್ನೊಂದು ಸಬ್‌ರುಟೀನಿಗೆ ಕಳಿಸುವಾಗ ಕಂಪೈಲರ್ ಅದರ ಉದ್ದವನ್ನೂ ಸದ್ದಿಲ್ಲದೆ ಜೊತೆಗೆ ಕಳಿಸುತ್ತದೆ. ಬರೆದ ಪ್ರೋಗ್ರಾಮಿನಲ್ಲಿ ಈ ಸಂಖ್ಯೆ ಕಾಣುವುದೇ ಇಲ್ಲ!

ಹಳೆಯ ಗಣಿತದ ಕೆಲಸ ಬಹಳಷ್ಟು ಫೋರ್ಟ್ರಾನ್‌ನಲ್ಲಿದೆ, ಹೊಸದರಲ್ಲಿ ಕೆಲವನ್ನು ಸಿಯಲ್ಲಿ ಬರೆಯುತ್ತಾರೆ. ಹೀಗಾಗಿ ಎರಡನ್ನೂ ಬೆಸೆಯಲೇಬೇಕು. ಬೆಸೆಯುವ ‘ಲಿಂಕರ್’ ಸಾಮಾನ್ಯವಾಗಿ ಹೆಸರು ಹೊಂದಿತೇ ಎಂದಷ್ಟೇ ನೋಡುತ್ತದೆ. ಫೋರ್ಟ್ರಾನ್‌ನ ಸಾಲನ್ನು ಹಾಗೆಯೇ ಕೊಟ್ಟರೆ ಸಿ ಎಲ್ಲೋ ಒಂದು ಸೊನ್ನೆ ಸಿಗುವವರೆಗೂ ಓದುತ್ತಲೇ ಹೋಗುತ್ತದೆ. ಕೊನೆಗೆ ಸೊನ್ನೆ ಸೇರಿಸಿದರೆ ಸಾಕು. ಸಿಯಿಂದ ಫೋರ್ಟ್ರಾನ್‌ಗೆ ಹೋಗುವಾಗ ಉದ್ದವನ್ನೂ ಕೊಡಬೇಕು.

ಕೊಡದಿದ್ದರೆ? ‘ಲ್ಯಾಪ್ಯಾಕ್’ ಎಂಬ ಹೆಸರಾಂತ ಫೋರ್ಟ್ರಾನ್ ಗಣಿತ ಸಂಗ್ರಹದ ಅನೇಕ ಸಬ್‌ರುಟೀನುಗಳು ಒಂದೇ ಅಕ್ಷರದ ಸೂಚನೆ ಪಡೆಯುತ್ತವೆ: ‘ಯು’ ಎಂದರೆ ಮ್ಯಾಟ್ರಿಕ್ಸಿನ ಮೇಲಿನ ತ್ರಿಕೋನ, ‘ಎಲ್’ ಎಂದರೆ ಕೆಳಗಿನದು. ಒಂದಕ್ಷರಕ್ಕೆ ಉದ್ದವೇಕೆ ಎಂದು ಸಿ ಬರೆಯುವವರು ಅದನ್ನು ಬಿಟ್ಟರು. ದಶಕಗಳ ಕಾಲ ಏನೂ ಆಗಲಿಲ್ಲ. 2019ರಲ್ಲಿ ಗ್ನೂ ಫೋರ್ಟ್ರಾನ್ ಕಂಪೈಲರಿನ ಹೊಸ ಆವೃತ್ತಿಗಳೊಡನೆ ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಇಂಥ ಕರೆಗಳು ಕುಸಿಯತೊಡಗಿದವು. ಸಬ್‌ರುಟೀನಿನ ಕೊನೆಯ ಕೆಲಸ ಇನ್ನೊಂದನ್ನು ಕರೆಯುವುದಾಗಿದ್ದರೆ, ಕಂಪೈಲರ್ ಹೊಸ ಜಾಗ ಹಿಡಿಯದೆ ತನಗೆ ಬಂದಿದ್ದ ಮಾಹಿತಿಯ ಜಾಗದಲ್ಲೇ ಬರೆಯುತ್ತಿತ್ತು. ಉದ್ದಕ್ಕೆಂದು ಅದು ಭಾವಿಸಿದ ಮನೆಯಲ್ಲಿ ಸಿಯ ಬೇರೆ ಮಾಹಿತಿ ಇತ್ತು!

ನಿಯಮದ ಪ್ರಕಾರ ಕಂಪೈಲರಿನದು ತಪ್ಪಲ್ಲ. ಆದರೂ ಅದರ ನಿರ್ಮಾಪಕರು ಹಳೆಯ ಪ್ರೋಗ್ರಾಮುಗಳಿಗಾಗಿ ಒಂದು ರಿಯಾಯಿತಿ ಒದಗಿಸಿದರು. ಉದ್ದವನ್ನೂ ಕಳಿಸುವ ವ್ಯವಸ್ಥೆಯನ್ನು ಆರ್ ತಂಡ ಮಾಡಿತು.

ಕನ್ನಡದಲ್ಲಿ ಇನ್ನೊಂದು ತೊಡಕು. ‘ಕನ್ನಡ’ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ, ಒತ್ತಕ್ಷರದ ನಡುವಿನ ವಿರಾಮ ಚಿಹ್ನೆಯೂ ಸೇರಿ, ಐದು ಸಂಕೇತ. ಈಗ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಹದಿನೈದು ಬೈಟ್. ಪೈಥಾನ್ ಅದರ ಉದ್ದ 5 ಎನ್ನುತ್ತದೆ, ಸಿ 15 ಎನ್ನುತ್ತದೆ. ಪೈಥಾನ್ ಹೇಳಿದ ಐದನ್ನೇ ನಂಬಿ ಸಿ ಐದು ಬೈಟ್ ತೆಗೆದುಕೊಂಡರೆ ಕೈಗೆ ಸಿಗುವುದು ಒಂದು ‘ಕ’, ಜೊತೆಗೆ ಓದಲು ಬಾರದ ‘ನ’ಕಾರದ ಚೂರು.